ಚಂದ್ರದ್ರೋಣದ ಸುತ್ತ ಬೈಸಿಕಲ್ ಸಂಚಾರ

ಮಲೆನಾಡನ್ನು ಕಾಣಬೇಕೆಂದು ಹೊರಟವರು ಸಾಮಾನ್ಯವಾಗಿ ಮೋಟಾರಿನಲ್ಲಿ ಹೋಗುತ್ತಾರೆ. ಬೆಳಗ್ಗೆ ಬೆಂಗಳೂರಿನಲ್ಲಿ ಕಾಫಿ ಕುಡಿದವರು ಮಧ್ಯಾಹ್ನಕ್ಕೆ ಮುಳ್ಳಯ್ಯನಗಿರಿಯ ಬುಡದಲ್ಲಿ ನಿಂತಿರುತ್ತಾರೆ. ಸಂಜೆಯಾಗುವುದರೊಳಗೆ ಹಿಂದಿರುಗುವ ಹಾದಿಯನ್ನು ಹಿಡಿದಿರುತ್ತಾರೆ. ಅವರು ಏನನ್ನೂ ಕಾಣಲಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ನೆಲವು ಎಲ್ಲಿ ಏರತೊಡಗಿತು, ಗಾಳಿ ಎಲ್ಲಿ ತಂಪಾಯಿತು, ರಾಗಿಯ ಹೊಲ ಎಲ್ಲಿ ಮುಗಿದು ಕಾಫಿಯ ತೋಟ ಎಲ್ಲಿ ಮೊದಲಾಯಿತು ಎಂದು ಕೇಳಿದರೆ ಅವರಿಂದ ಉತ್ತರ ಬರುವುದು ಕಷ್ಟ. ಕಾಲ್ನಡಿಗೆಯ ಯಾತ್ರಿಕನು ಇದೆಲ್ಲವನ್ನೂ ಬಲ್ಲನು. ಆದರೆ ಅವನಿಗೆ ಹದಿನೈದು ದಿನಗಳ ಬಿಡುವು ಬೇಕು. ಅಷ್ಟು ಬಿಡುವಿಲ್ಲದೆಯೂ ನೆಲದ ಪರಿಚಯವನ್ನು ಬಯಸುವವರಿಗೆ ಉಳಿದಿರುವ ಸಾಧನವೆಂದರೆ ಬೈಸಿಕಲ್ಲು. ಚಿಕ್ಕಮಗಳೂರು ಸೀಮೆಯ ಬಾಬಾಬುಡನ್ ಬೆಟ್ಟಗಳನ್ನು ಬಳಸಿಕೊಂಡು, ಕೆರೆಯಿಂದ ಕೆರೆಗೆ ಹೋಗುವ ಐದು ದಿನಗಳ ಒಂದು ದಾರಿಯನ್ನು ಇಲ್ಲಿ ವಿವರಿಸಬೇಕೆಂದಿದ್ದೇವೆ.

ಮೊದಲು ಆ ಬೆಟ್ಟಗಳ ಆಕಾರವನ್ನು ಮನಸ್ಸಿಗೆ ತಂದುಕೊಳ್ಳಬೇಕು. ಹಳಬರು ಇವನ್ನು ಚಂದ್ರದ್ರೋಣ ಪರ್ವತವೆಂದು ಕರೆದರು. ಹೆಸರು ಸಾರ್ಥಕವಾದದ್ದು, ಬಿದಿಗೆಯ ಚಂದ್ರನಂತೆ, ಅಥವಾ ಕುದುರೆಯ ಲಾಳದಂತೆ ಬಾಗಿದ ಒಂದು ಶ್ರೇಣಿ. ಅದರ ಒಳಮಡಿಲಿನಲ್ಲಿ ಜಾಗರ ಕಣಿವೆಯಿದೆ. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿ ಈ ಶ್ರೇಣಿಯಲ್ಲಿಯೇ ಇರುವುದು. ಅದರ ಎತ್ತರ 1,930 ಮೀಟರು, ಎಂದರೆ ಸುಮಾರು 6,330 ಅಡಿ. ಈ ಬೆಟ್ಟಗಳ ಮೇಲೆ ಬಿದ್ದ ಮಳೆ ಮೂರು ಕಡೆಗೆ ಹರಿಯುತ್ತದೆ. ಒಳಮಡಿಲಿನ ನೀರು ಭದ್ರೆಯನ್ನು ಸೇರುತ್ತದೆ. ಮೂಡಲ ಮಗ್ಗುಲಿನದು ವೇದಾ ಮತ್ತು ಅವತಿ ಎಂಬ ಎರಡು ಹಳ್ಳಗಳಾಗಿ ಇಳಿದು, ಕೂಡಿ ವೇದಾವತಿಯಾಗಿ, ಬಯಲುಸೀಮೆಯನ್ನು ದಾಟಿ ತುಂಗಭದ್ರೆಗೆ ಬೀಳುತ್ತದೆ. ತೆಂಕಣ ಮಗ್ಗುಲಿನದು ಯಗಚಿಯಾಗಿ ಬೇಲೂರಿನ ಕಡೆಗೆ ಹೋಗಿ, ಹೇಮಾವತಿಯ ಮೂಲಕ ಕಾವೇರಿಗೆ ಸಲ್ಲುತ್ತದೆ. ಕೃಷ್ಣೆಯ ಪಾಲೂ ಕಾವೇರಿಯ ಪಾಲೂ ಒಂದೇ ಬೆಟ್ಟದ ಎರಡು ಇಳಿಜಾರುಗಳಲ್ಲಿ ಬೇರೆಯಾಗುವ ಸ್ಥಳ ಇದು. ಮೋಟಾರಿನಲ್ಲಿ ಕುಳಿತವನಿಗೆ ಇದು ಭೂಗೋಳದ ಪಾಠ. ಪೆಡಲು ತುಳಿಯುವವನಿಗಾದರೋ ತೊಡೆಯ ಸ್ನಾಯುಗಳೇ ಇದನ್ನು ತಿಳಿಸಿಕೊಡುತ್ತವೆ.

ಹೊರಡುವ ಕಾಲ ಅಕ್ಟೋಬರ್ ಕಡೆಯಿಂದ ಫೆಬ್ರವರಿಯವರೆಗೆ. ಮುಂಗಾರಿನಲ್ಲಿ ರಸ್ತೆ ಪಾಚಿಗಟ್ಟಿರುತ್ತದೆ, ಮಂಜು ಕವಿದಿರುತ್ತದೆ, ಉಂಬಳಗಳ ಕಾಟ ಬೇರೆ. ಏಪ್ರಿಲ್ಲಿನಲ್ಲಿ ಕೆರೆಗಳು ಬತ್ತಿ ಹುಲ್ಲು ಒಣಗಿರುತ್ತದೆ. ಕಾಡುಗಿಚ್ಚಿನ ಭಯದಿಂದ ಅರಣ್ಯದವರು ಹಲವು ದಾರಿಗಳನ್ನು ಮುಚ್ಚುವುದೂ ಉಂಟು. ಮಳೆ ಹಿಂದೆಗೆದು ಕೆರೆ ತುಂಬಿರುವಾಗಲೇ ಹೋಗುವುದು ಮೇಲು.

ಇನ್ನು ಗಾಡಿಯ ಮಾತು. ಊರೊಳಗೆ ಹಾಲು ತರುವ ಸಾಧಾರಣ ಬೈಸಿಕಲ್ಲನ್ನು ನಾವು ಹೀನೈಸುವುದಿಲ್ಲ. ನಮ್ಮ ನಾಡಿನ ಅರ್ಧ ಸಂಸಾರವನ್ನು ಹೊತ್ತದ್ದು ಅದೇ. ಆದರೆ ಬೆಟ್ಟಕ್ಕೆ ಅದು ಸಾಲದು. ಏಕೆಂಬುದನ್ನು ಲೆಕ್ಕದಿಂದಲೇ ತೋರಿಸಬಹುದು. ಸಾಧಾರಣ ಗಾಡಿಯ ಚಕ್ರ 28 ಅಂಗುಲದ್ದು. ಮುಂದಿನ ಹಲ್ಲುಚಕ್ರದಲ್ಲಿ 44 ಹಲ್ಲು, ಹಿಂದಿನದರಲ್ಲಿ 18 ಎಂದಿಟ್ಟುಕೊಳ್ಳೋಣ. ಪೆಡಲನ್ನು ಒಂದು ಸುತ್ತು ತುಳಿದರೆ ಗಾಡಿ ಸುಮಾರು ಐದೂವರೆ ಮೀಟರು ಮುಂದಕ್ಕೆ ಹೋಗುತ್ತದೆ. ಬಯಲಿನಲ್ಲಿ ಇದು ಲಾಭವೇ. ಹನ್ನೆರಡಕ್ಕೆ ಒಂದರಂತೆ ಏರುವ ರಸ್ತೆಯಲ್ಲಿ, ಸವಾರ, ಗಾಡಿ, ಹೊರೆ ಎಲ್ಲ ಸೇರಿ 90 ಕಿಲೋಗ್ರಾಂ ತೂಕವಿದ್ದರೆ, ಪೆಡಲಿನ ಮೇಲೆ ಬಿಡುವಿಲ್ಲದೆ ಸರಾಸರಿ 38 ಕಿಲೋಗ್ರಾಮಿನಷ್ಟು ಭಾರವನ್ನು ಹೇರುತ್ತಿರಬೇಕಾಗುತ್ತದೆ. ಹತ್ತು ನಿಮಿಷದಲ್ಲಿ ಮೊಣಕಾಲು ಸೋಲುತ್ತದೆ. ಅದೇ ಮುಂದೆ 30 ಹಲ್ಲು, ಹಿಂದೆ 34 ಹಲ್ಲು ಇರುವ ಗೇರಿನಲ್ಲಿ ಒಂದು ಸುತ್ತಿಗೆ ಎರಡು ಮೀಟರಿಗೂ ತುಸು ಕಡಿಮೆ ದೂರ ಸಾಗುತ್ತೇವೆ. ಹೇರಬೇಕಾದ ಭಾರ 14 ಕಿಲೋಗ್ರಾಮಿಗೆ ಇಳಿಯುತ್ತದೆ. ಕೆಲಸ ಕಡಿಮೆಯಾಯಿತೆಂದಲ್ಲ, ಅದೇ ಕೆಲಸವನ್ನು ಸಣ್ಣ ಸಣ್ಣ ಕಂತುಗಳಲ್ಲಿ ತೀರಿಸಿದಂತಾಯಿತು. ಸಾಲದ ವಿಷಯದಲ್ಲಿ ಗೃಹಸ್ಥರಿಗೆ ಈ ತತ್ತ್ವ ಚೆನ್ನಾಗಿ ಗೊತ್ತಿದೆ.

ಗೇರುಗಳನ್ನು ಬಳಸುವುದು ಪೌರುಷಕ್ಕೆ ಕುಂದೆಂದು ಎಣಿಸುವವರು ಒಂದು ಕಾಲದಲ್ಲಿ ಯೂರೋಪಿನಲ್ಲಿಯೂ ಇದ್ದರು. ಫ್ರಾನ್ಸಿನ ಸೇಂಟ್ ಎಟಿಯೆನ್ ಪಟ್ಟಣದ ಪಾಲ್ ದ ವಿವಿ ಎಂಬಾತ ಬೆಟ್ಟದ ದಾರಿಗಳಲ್ಲಿ ತಾನೇ ಏರಿ ತೋರಿಸಿ, ಪತ್ರಿಕೆಯಲ್ಲಿ ಬರೆದು ಬರೆದು, ಗೇರಿನ ಪಕ್ಷವನ್ನು ಎತ್ತಿಹಿಡಿದ. ಅವನು ತೀರಿಕೊಂಡದ್ದು 1930ರಲ್ಲಿ. ಫ್ರಾನ್ಸ್ ದೇಶವನ್ನು ಸುತ್ತುವ ಪ್ರಸಿದ್ಧ ಪಂದ್ಯದಲ್ಲಿ ಚೈನನ್ನು ಹಲ್ಲಿನಿಂದ ಹಲ್ಲಿಗೆ ದಾಟಿಸುವ ಗೇರಿಗೆ ಅನುಮತಿ ದೊರೆತದ್ದು 1937ರಲ್ಲಿ. ಗೇರಿದ್ದರೂ ಏರಲಾರದ ಕಡೆ ಇಳಿದು ತಳ್ಳಿಕೊಂಡು ಹೋಗುವುದರಲ್ಲಿ ಅವಮಾನವೇನೂ ಇಲ್ಲ. ಮಲೆನಾಡಿನ ಜನ ಬೈಸಿಕಲ್ಲನ್ನು ಮೊದಲು ಕಂಡಾಗ ಪಟ್ಟ ಅಚ್ಚರಿಯನ್ನು ಕುವೆಂಪು ಅವರು 'ಮಲೆಗಳಲ್ಲಿ ಮದುಮಗಳು' ಕಾದಂಬರಿಯಲ್ಲಿ ಚಿತ್ರಿಸಿದ್ದಾರೆ. ಅಲ್ಲಿಯವರ ಬಾಯಲ್ಲಿ ಅದು 'ಬೀಸೆಕಲ್ಲು' ಆಗುತ್ತದೆ. ಕಡಿದಾದ ಏರಿನಲ್ಲಿ ಹೊರೆಹೊತ್ತ ಗಾಡಿಯನ್ನು ತಳ್ಳುವವನಿಗೆ ಆ ಹೆಸರು ತಪ್ಪೆಂದು ತೋರುವುದಿಲ್ಲ.

ದಾರಿಗೆ ಬರೋಣ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ರೈಲು ದಾರಿಯಲ್ಲಿ ಕಡೂರು ಇದೆ. ಗಾಡಿಯನ್ನು ಲಗೇಜಿನಲ್ಲಿ ಹಾಕಿಸಿ ಇಲ್ಲಿಳಿಯುವುದು ಅನುಕೂಲ. ಕಡೂರು ಒಣಸೀಮೆ; ತೆಂಗು, ರಾಗಿ, ಕುರಿಮಂದೆ. ಬೆಟ್ಟಗಳು ಪಡುವಲಲ್ಲಿ ನೀಲಿಯ ಗೋಡೆಯಂತೆ ನಿಂತಿರುತ್ತವೆ, ಮಳೆಯನ್ನೆಲ್ಲ ಅವೇ ಹಿಡಿದಿಟ್ಟುಕೊಂಡು ಇತ್ತ ಕಡೆಗೆ ಗಾಳಿಯನ್ನು ಮಾತ್ರ ಕಳುಹಿಸುತ್ತವೆ. ಚಿಕ್ಕಮಗಳೂರಿನ ರಸ್ತೆಯಲ್ಲಿ ಹದಿನೆಂಟು ಕಿಲೋಮೀಟರಿನಷ್ಟು ಹೋದರೆ ಸಖರಾಯಪಟ್ಟಣ. ಅಲ್ಲಿಂದ ಪಕ್ಕಕ್ಕೆ ತಿರುಗಿ ಕೆಲವು ಕಿಲೋಮೀಟರು ಹೋದರೆ ಅಯ್ಯನಕೆರೆ.

ಈ ಕೆರೆಯ ಬಳಿ ಅರ್ಧ ದಿನವನ್ನಾದರೂ ಕಳೆಯಬೇಕು. ಬೆಟ್ಟಗಳ ಬಾಯಲ್ಲಿ ಏರಿಯನ್ನು ಕಟ್ಟಿ ವೇದಾ ಹಳ್ಳವನ್ನು ನಿಲ್ಲಿಸಿದ್ದಾರೆ. ನೀರಿನಾಚೆಗೆ ಶಕುನಗಿರಿ ಎಂಬ ಶಂಕುವಿನಾಕಾರದ ಬೆಟ್ಟ; ಗಾಳಿಯಿಲ್ಲದ ಮುಂಜಾನೆ ಅದರ ನೆರಳು ಕೆರೆಯಲ್ಲಿ ತಲೆಕೆಳಗಾಗಿ ನಿಲ್ಲುತ್ತದೆ. ಸಖರಾಯಪಟ್ಟಣದ ರುಕ್ಮಾಂಗದನೆಂಬ ಅರಸನು ಈ ಕೆರೆಯನ್ನು ಕಟ್ಟಿಸಿದನೆಂದು ಪ್ರತೀತಿ. 1156ರಲ್ಲಿ, ಹೊಯ್ಸಳ ನರಸಿಂಹನ ಕಾಲದಲ್ಲಿ ಇದರ ಜೀರ್ಣೋದ್ಧಾರವಾಯಿತು. ಎಂದರೆ ಒಂಬತ್ತು ಶತಮಾನಗಳ ಹಿಂದೆಯೇ ಇದು ಹಳೆಯ ಕೆರೆಯಾಗಿತ್ತು! ಏರಿ ಒಡೆಯದಿರಲೆಂದು ಹೊನ್ನಬಿಲ್ಲನೆಂಬವನ ಪ್ರಾಣ ಬಲಿಯಾಯಿತೆಂಬ ಐತಿಹ್ಯವನ್ನು ಸಖರಾಯಪಟ್ಟಣದಲ್ಲಿ ಕೇಳಬಹುದು. ಇಂಥ ಕಥೆಗಳು ನಮ್ಮ ನಾಡಿನ ಅನೇಕ ಕೆರೆಗಳಿಗೆ ಅಂಟಿಕೊಂಡಿವೆ. ಕಥೆಯ ನಿಜ ಸುಳ್ಳು ಏನೇ ಇರಲಿ, ಒಂದು ಏರಿ ಒಡೆದರೆ ಕೆಳಗಿನ ಊರುಗಳ ಗತಿ ಏನೆಂಬುದನ್ನು ಬಲ್ಲ ಜನ ಅದನ್ನು ಹೇಳಿಕೊಂಡು ಬಂದಿದ್ದಾರೆಂಬುದರಲ್ಲಿ ಸಂದೇಹವಿಲ್ಲ. ಏರಿಯ ಮೇಲೆ ಗಾಡಿಯನ್ನು ಓಡಿಸದೆ ಕೈಯಲ್ಲಿ ಹಿಡಿದು ನಡೆಯುವುದು ಲೇಸು. ಒಂದು ಕಡೆ ನೀರು, ಇನ್ನೊಂದು ಕಡೆ ಗದ್ದೆ ತೋಟಗಳ ಹಸಿರು. ಆ ಹಸಿರು ಎಲ್ಲಿ ನಿಲ್ಲುತ್ತದೆಯೋ ಅಲ್ಲಿಗೆ ಕಾಲುವೆಯೂ ನಿಂತಿತೆಂದು ತಿಳಿಯಬಹುದು.

ಅವತಿ ಹಳ್ಳಕ್ಕೂ ಇಂಥದೇ ಒಂದು ಕೆರೆಯಿದೆ. ಎಮ್ಮೆದೊಡ್ಡಿಯ ಕಡೆಯ ಮದಗದ ಕೆರೆ. ಹೆಚ್ಚು ಬಿಡುವಿದ್ದವರು ಅದನ್ನೂ ನೋಡಿಕೊಂಡು ಬರಬಹುದು. ಈ ಎರಡು ಕೆರೆಗಳ ಕೋಡಿ ಹರಿದರೆ ವೇದಾವತಿಗೆ ಜೀವ. ಕೆಳಗೆ ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ ಮೈಸೂರು ಸರ್ಕಾರದವರು 1907ರ ಹೊತ್ತಿಗೆ ಕಟ್ಟಿ ಮುಗಿಸಿದ ವಾಣಿವಿಲಾಸಸಾಗರ ಇದೇ ನೀರನ್ನು ನಂಬಿರುವಂಥದು. ಅದು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ತುಂಬಿ ಹರಿದದ್ದು 2022ರಲ್ಲಿ. ಎಂಬತ್ತೊಂಬತ್ತು ವರ್ಷಗಳು! ಈ ಬೆಟ್ಟಗಳ ಹುಲ್ಲೂ ಕಾಡೂ ಮಳೆಯ ನೀರನ್ನು ಹಿಡಿದು ಮೆಲ್ಲಗೆ ಬಿಡುತ್ತವೆಯೋ ಇಲ್ಲವೋ ಎಂಬುದು ನೂರಾರು ಕಿಲೋಮೀಟರು ದೂರದ ಒಕ್ಕಲಿಗನ ಮನೆಯ ವಿಷಯ. ಗಿರಿಯ ನೆತ್ತಿಗೆ ಹೋದಾಗ ಈ ಮಾತು ನೆನಪಿನಲ್ಲಿರಬೇಕು.

ಮಾರನೆಯ ದಿನ ಚಿಕ್ಕಮಗಳೂರಿಗೆ. ಕಡೂರಿನಿಂದ ಒಟ್ಟು ನಲವತ್ತು ಕಿಲೋಮೀಟರಿನ ಈ ದಾರಿಯ ಏರು ನಿಧಾನವಾದದ್ದು. ಪಟ್ಟಣವಿರುವುದು ಸುಮಾರು 3,500 ಅಡಿಯ ಎತ್ತರದಲ್ಲಿ. ಇದರ ನಡುವೆಯೇ ಕೃಷ್ಣೆಯ ಸೀಮೆಯಿಂದ ಕಾವೇರಿಯ ಸೀಮೆಗೆ ದಾಟಿಬಿಟ್ಟಿರುತ್ತೇವೆ. ಪಟ್ಟಣದಲ್ಲಿ ತಂಗಲು ಉಣ್ಣಲು ತೊಂದರೆಯಿಲ್ಲ, ಬೈಸಿಕಲ್ ರಿಪೇರಿಯ ಅಂಗಡಿಗಳೂ ಇವೆ. ಸಂಜೆಗೆ ಹತ್ತು ಕಿಲೋಮೀಟರಿನ ಆಸುಪಾಸಿನಲ್ಲಿರುವ ಹಿರೇಕೊಳಲೆ ಕೆರೆಗೆ ಹೋಗಿಬರಬಹುದು. ಸುತ್ತಲೂ ಬೆಟ್ಟ, ನಡುವೆ ಸಣ್ಣ ಕೆರೆ. ಅಯ್ಯನಕೆರೆಯ ಗಾಂಭೀರ್ಯ ಇದಕ್ಕಿಲ್ಲ, ಆದರೆ ಸಂಜೆಯ ಬೆಳಕಿಗೆ ಇದು ಹೆಚ್ಚು ಒಪ್ಪುತ್ತದೆ.

ಮೂರನೆಯ ದಿನವೇ ಈ ಸಂಚಾರದ ಕಠಿಣ ಭಾಗ. ಬೆಳಕು ಹರಿಯುತ್ತಲೇ ಹೊರಡಬೇಕು. ಪಟ್ಟಣದಿಂದ ಕೈಮರದವರೆಗೆ ಹಗುರವಾದ ದಾರಿ. ಅಲ್ಲಿಂದ ಗಿರಿಯ ರಸ್ತೆ ಬೇರೆಯಾಗುತ್ತದೆ. ದಾರಿ ತೋರುವ ಕಂಬಕ್ಕೆ ನಮ್ಮವರು ಇಟ್ಟ ಹೆಸರು ಕೈಮರ. ಕವಲಿನಲ್ಲಿ ಇಂಥ ಮರವಿದ್ದ ಎಡೆಗೆಲ್ಲ ಅದೇ ಊರ ಹೆಸರಾಗಿ ನಿಂತಿತು. ಮೇಲಕ್ಕೆ ಹೋದಂತೆ ಮೊದಲು ಕಾಫಿಯ ತೋಟಗಳು, ಸಿಲ್ವರ್ ಓಕ್ ಮರಗಳು, ಅವಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಬಾಬಾಬುಡನ್ ಎಂಬ ಸಂತರು ಹದಿನೇಳನೆಯ ಶತಮಾನದಲ್ಲಿ ಅರೇಬಿಯದ ಮೋಕಾದಿಂದ ಏಳು ಕಾಫಿಯ ಬೀಜಗಳನ್ನು ತಂದು ಇಲ್ಲಿ ನೆಟ್ಟರೆಂಬ ಕಥೆ ಎಲ್ಲರಿಗೂ ತಿಳಿದದ್ದೇ. ಇನ್ನೂ ಮೇಲೇರಿದರೆ ತೋಟ ಮುಗಿಯುತ್ತದೆ; ಬೆತ್ತಲೆ ಹುಲ್ಲುಗಾವಲು ಬರುತ್ತದೆ. ಹುಲ್ಲಿನ ನಡುವೆ ಬೆಟ್ಟದ ಮಡಿಕೆಗಳಲ್ಲಿ ಮಾತ್ರ ಗಿಡ್ಡ ಮರಗಳ ದಟ್ಟ ಕಾಡು ಅಡಗಿರುತ್ತದೆ. ಇದನ್ನು ಶೋಲೆಯ ಕಾಡೆನ್ನುತ್ತಾರೆ. ಹಳ್ಳಗಳು ಹುಟ್ಟುವುದು ಈ ಮಡಿಕೆಗಳಲ್ಲಿ. ಅನೇಕ ವರ್ಷಗಳಿಗೊಮ್ಮೆ ಹೂಬಿಡುವ ಕುರಿಂಜಿ ಈ ಇಳಿಜಾರುಗಳಲ್ಲಿ 2022ರಲ್ಲಿ ಅರಳಿದಾಗ ಬೆಟ್ಟಕ್ಕೆ ಬೆಟ್ಟವೇ ನೀಲಿಯಾಗಿತ್ತು. ಅದನ್ನು ನೋಡಬಂದ ಮೋಟಾರುಗಳ ಸಾಲೂ ಉದ್ದವಾಗಿಯೇ ಇತ್ತು. ರಜೆಯ ದಿನಗಳಲ್ಲಿ ಈ ಕಿರಿದಾದ ರಸ್ತೆಯಲ್ಲಿ ವಾಹನಗಳ ದಟ್ಟಣೆ ಹೇಳತೀರದು. ಬೈಸಿಕಲ್ಲಿನವರು ವಾರದ ನಡುವೆ ಹೋಗಬೇಕು. ಗಿರಿಗೆ ಹೋಗುವುದಕ್ಕೆ ಜಿಲ್ಲಾಡಳಿತದ ನಿಯಮ ಏನಿದೆಯೆಂಬುದನ್ನು ಹಿಂದಿನ ದಿನವೇ ವಿಚಾರಿಸಿಕೊಳ್ಳಬೇಕು.

ಆರುನೂರು ಮೀಟರಿನ ಏರನ್ನು ಹಿಂದೆ ಹೇಳಿದ ತೂಕದೊಡನೆ ಹತ್ತಲು, ಸಾಮಾನ್ಯ ಮನುಷ್ಯನು ದಣಿಯದೆ ಕೊಡಬಲ್ಲ ನೂರು ವಾಟಿನ ಶಕ್ತಿಯಲ್ಲಿ ಒಂದೂವರೆ ಗಂಟೆ ಹಿಡಿಯುತ್ತದೆ. ವಿಶ್ರಾಂತಿ, ನೋಟ, ನೀರು ಎಲ್ಲ ಸೇರಿ ಮೂರು ಗಂಟೆಯೆಂದು ಲೆಕ್ಕ ಹಾಕಬಹುದು. ಹಸಿವಾಗುವುದನ್ನು ಕಾಯದೆ ಗಂಟೆಗೊಮ್ಮೆ ಬೆಲ್ಲವನ್ನೋ ಬಾಳೆಯ ಹಣ್ಣನ್ನೋ ತಿನ್ನುತ್ತಿರಬೇಕು. ಸೀತಾಳಯ್ಯನಗಿರಿಯ ಬಳಿ ದಾರಿ ಮತ್ತೆ ಕವಲೊಡೆಯುತ್ತದೆ. ಒಂದು ಮುಳ್ಳಯ್ಯನಗಿರಿಗೆ; ಕೊನೆಯ ಭಾಗ ಮೆಟ್ಟಿಲು, ಗಾಡಿಯನ್ನು ಕೆಳಗೆ ಬಿಟ್ಟು ನಡೆಯಬೇಕು. ಇನ್ನೊಂದು ಅತ್ತಿಗುಂಡಿಯ ಮಾರ್ಗವಾಗಿ, ಹಿಂದುಗಳೂ ಮುಸಲ್ಮಾನರೂ ನಡೆದುಕೊಳ್ಳುವ ಗುಹೆಯಿರುವ ಬಾಬಾಬುಡನ್‌ಗಿರಿಗೆ.

ಏರಿದ್ದಾಯಿತು, ಅಪಾಯವಿರುವುದು ಇಳಿಯುವುದರಲ್ಲಿ. ಈ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುವುದು ಅವಶ್ಯವೆಂದು ನಮ್ಮ ಭಾವನೆ. ಏಕೆಂದರೆ ಏರಿನಲ್ಲಿ ಸೋತವನು ಕುಳಿತು ಸುಧಾರಿಸಿಕೊಳ್ಳುತ್ತಾನೆ, ಇಳಿವಿನಲ್ಲಿ ತಪ್ಪಿದವನಿಗೆ ಆ ಅವಕಾಶವಿಲ್ಲ. ಒಂದೂವರೆ ಗಂಟೆ ಬೆವರು ಸುರಿಸಿ ನಾವು ಕೂಡಿಟ್ಟ ಶಕ್ತಿ ಎಲ್ಲಿಯೂ ಹೋಗಿರುವುದಿಲ್ಲ. ಬೆಟ್ಟದ ಎತ್ತರವಾಗಿ ನಮ್ಮೊಡನೆಯೇ ಇರುತ್ತದೆ. ಇಳಿಯುವಾಗ ಅದನ್ನೆಲ್ಲ ಹಿಂದಕ್ಕೆ ಕೊಡಬೇಕು. ಅದನ್ನು ಶಾಖವಾಗಿ ಎಣಿಸಿದರೆ ಒಂದೂವರೆ ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಸಾಕು. ಒಂದು ಪಾಲು ಗಾಳಿಯನ್ನು ಸೀಳುವುದರಲ್ಲಿ ವ್ಯಯವಾಗುತ್ತದೆ. ಉಳಿದದ್ದು ಬ್ರೇಕಿನ ರಬ್ಬರಿನ ಮೂಲಕ ಚಕ್ರದ ರಿಮ್ಮಿಗೆ ಇಳಿಯುತ್ತದೆ. ಹೆದರಿದ ಸವಾರನು ಬ್ರೇಕನ್ನು ಒಂದೇ ಸಮನೆ ಒತ್ತಿಕೊಂಡೇ ಇಳಿಯುತ್ತಾನೆ. ನಿಧಾನವಾಗಿ ಹೋಗುವುದರಿಂದ ಗಾಳಿಯ ಪಾಲು ಇಲ್ಲವಾಗಿ ಶಾಖವೆಲ್ಲ ರಿಮ್ಮಿನಲ್ಲಿಯೇ ಕೂಡುತ್ತದೆ. ಒಳಗಿನ ಟ್ಯೂಬು ಬಿಸಿಯಾಗಿ ಒಡೆದರೂ ಒಡೆಯಬಹುದು. ಅದೂ ತಿರುವಿನ ನಡುವೆ! ಆದುದರಿಂದ ತಿರುವಿಗೆ ಮುಂಚೆ ನೇರವಾದ ದಾರಿಯಲ್ಲಿಯೇ, ಗಟ್ಟಿಯಾಗಿ, ಸ್ವಲ್ಪ ಹೊತ್ತು ಮಾತ್ರ ಬ್ರೇಕು ಹಿಡಿದು ವೇಗವನ್ನು ಇಳಿಸಿ, ಆಮೇಲೆ ಬಿಟ್ಟು ರಿಮ್ಮಿಗೆ ಗಾಳಿಯಾಡಲು ಅವಕಾಶ ಕೊಡಬೇಕು. ಮುಂದಿನ ಬ್ರೇಕನ್ನೂ ಹಿಂದಿನದನ್ನೂ ಒಟ್ಟಿಗೆ ಬಳಸಬೇಕು. ಮುಂದಿನದನ್ನು ಮಾತ್ರ ಥಟ್ಟನೆ ಹಿಡಿದರೆ ಸವಾರನು ಹ್ಯಾಂಡಲನ್ನು ದಾಟಿ ಹೋಗುತ್ತಾನೆ. ಎರಡು ಮೂರು ಕಿಲೋಮೀಟರಿಗೊಮ್ಮೆ ನಿಂತು, ರಿಮ್ಮಿನ ಬಳಿ ಕೈಯೊಡ್ಡಿ ನೋಡಿದರೆ ಬಿಸಿ ತಿಳಿಯುತ್ತದೆ, ಮುಟ್ಟಬೇಕಾದ್ದಿಲ್ಲ. ಮಂಜಿನಿಂದ ರಿಮ್ಮು ಒದ್ದೆಯಾಗಿದ್ದರೆ ಬ್ರೇಕು ಹಿಡಿದ ಮೇಲೆ ಚಕ್ರ ಒಂದೆರಡು ಸುತ್ತು ತಿರುಗಿ ನೀರು ಒರಸಿಹೋಗುವ ತನಕ ಹಿಡಿತವೇ ಸಿಕ್ಕುವುದಿಲ್ಲವೆಂಬುದನ್ನೂ ಮರೆಯಬಾರದು. ಈಚಿನ ಕೆಲವು ಗಾಡಿಗಳಲ್ಲಿ ಬ್ರೇಕು ರಿಮ್ಮಿಗಲ್ಲದೆ ಚಕ್ರದ ನಡುವಿನ ಉಕ್ಕಿನ ತಟ್ಟೆಗೆ ಹಿಡಿಯುತ್ತದೆ. ಅವುಗಳಲ್ಲಿ ಟ್ಯೂಬು ಒಡೆಯುವ ಭಯವಿಲ್ಲ. ಆದರೆ ತಟ್ಟೆಯನ್ನು ಮುಟ್ಟಿದ ಬೆರಳಿಗೆ ಬೊಕ್ಕೆ ತಪ್ಪಿದ್ದಲ್ಲ.

ಬಾಬಾಬುಡನ್‌ಗಿರಿಯಿಂದ ಬೆಟ್ಟದ ಬೆನ್ನಿನ ಮೇಲೆಯೇ ಕೆಮ್ಮಣ್ಣುಗುಂಡಿಗೆ ಕಾಲುದಾರಿಯಿದೆ. ಹೊರೆಹೊತ್ತ ಬೈಸಿಕಲ್ಲಿಗೆ ಅದನ್ನು ನಾವು ಸೂಚಿಸುವುದಿಲ್ಲ. ಕೈಮರಕ್ಕೆ ಇಳಿದು, ಮಲ್ಲೇನಹಳ್ಳಿ, ಸಂತವೇರಿಗಳ ಮೂಲಕ ಹೋಗುವ ರಸ್ತೆಯೇ ನಾಲ್ಕನೆಯ ದಿನಕ್ಕೆ ಸರಿಯಾದದ್ದು. ಚಿಕ್ಕಮಗಳೂರಿನಿಂದ ಕೆಮ್ಮಣ್ಣುಗುಂಡಿಗೆ ಐವತ್ತು ಕಿಲೋಮೀಟರಿಗೆ ಮೇಲಾಗುತ್ತದೆ. ನೆರಳು ಚೆನ್ನಾಗಿದೆ, ತಿರುವುಗಳು ಅಸಂಖ್ಯ. ಕೆಮ್ಮಣ್ಣುಗುಂಡಿ 1,434 ಮೀಟರಿನ ಎತ್ತರದಲ್ಲಿರುವ ಗಿರಿಧಾಮ. ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಗೆಯಲ್ಲಿ ತಂಗುತ್ತಿದ್ದ ಸ್ಥಳ. ಹೆಸರಿನಲ್ಲಿರುವ ಕೆಮ್ಮಣ್ಣು ಕಬ್ಬಿಣದ ಅದಿರಿನ ಗುರುತು. 1923ರಲ್ಲಿ ಕೆಲಸ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಇಲ್ಲಿಂದ, ತಂತಿಯ ಮೇಲೆ ತೂಗುವ ತೊಟ್ಟಿಗಳಲ್ಲಿ ಇಳಿಯುತ್ತಿತ್ತು; ಅದನ್ನು ಕರಗಿಸಲು ಇದ್ದಿಲು ಸುತ್ತಣ ಕಾಡುಗಳಿಂದ ಹೋಗುತ್ತಿತ್ತು. ಈಗ ಅದಿರಿನ ಸಾಗಣೆ ನಿಂತಿದೆ. ತೋಟಗಾರಿಕೆಯವರ ಹೂದೋಟ ಮಾತ್ರ ಇದೆ. ಇಲ್ಲಿಂದ ಲಿಂಗದಹಳ್ಳಿಯ ಕಡೆಗೆ ಇಳಿಯುವಾಗ ಕಲ್ಲತ್ತಿಗಿರಿಯ ಜಲಪಾತ ಸಿಕ್ಕುತ್ತದೆ. ಬ್ರೇಕನ್ನು ಆರಿಸಿಕೊಳ್ಳಲು ಅದಕ್ಕಿಂತ ಒಳ್ಳೆಯ ನಿಲುಗಡೆ ಇಲ್ಲ.

ಐದನೆಯ ದಿನದ ದಾರಿ ಲಿಂಗದಹಳ್ಳಿಯಿಂದ ತರೀಕೆರೆಗೆ, ಅಲ್ಲಿಂದ ಲಕ್ಕವಳ್ಳಿಗೆ. ಶಿಲ್ಪದಲ್ಲಿ ಆಸಕ್ತಿಯುಳ್ಳವರು ತರೀಕೆರೆಯ ಸಮೀಪದ ಅಮೃತಾಪುರಕ್ಕೆ ಹೋಗದೆ ಇರಬಾರದು. ಇಮ್ಮಡಿ ಬಲ್ಲಾಳನ ಕಾಲದಲ್ಲಿ, 1196ರಲ್ಲಿ ಕಟ್ಟಿದ ಅಮೃತೇಶ್ವರ ದೇವಾಲಯ ಅಲ್ಲಿದೆ. ಅಲ್ಲಿನ ಶಾಸನವನ್ನು ರಚಿಸಿದವನು ಕವಿ ಜನ್ನ.

ಲಕ್ಕವಳ್ಳಿಯಲ್ಲಿ ಭದ್ರೆಯ ಅಣೆಕಟ್ಟು. 1965ರ ಹೊತ್ತಿಗೆ ಮುಗಿದ ಈ ಕಟ್ಟೆಯ ಹಿಂದೆ ನೀರು ಬೆಟ್ಟಗಳ ಕೈಬೆರಳುಗಳ ನಡುವೆ ಹರಡಿಕೊಂಡಿದೆ. ಬೇಸಗೆ ಸಮೀಪಿಸಿ ನೀರು ಇಳಿದಾಗ ನಡುಗಡ್ಡೆಗಳು ತಲೆಯೆತ್ತುತ್ತವೆ. ರೀವ ಹಕ್ಕಿಗಳು ಗುಂಪುಗುಂಪಾಗಿ ಅಲ್ಲಿ ಮೊಟ್ಟೆಯಿಡುತ್ತವೆ. ಜಲಾಶಯದ ಆಚೆಯ ಕಾಡು ಭದ್ರಾ ಅಭಯಾರಣ್ಯ. 1998ರಿಂದ ಹುಲಿಗಳ ಮೀಸಲು ಪ್ರದೇಶ. ನಕ್ಷೆಯಲ್ಲಿ ನೋಡಿದರೆ ಚಿಕ್ಕಮಗಳೂರಿನಿಂದ ಮುತ್ತೋಡಿಯ ಮೂಲಕ ಕಾಡಿನೊಳಗೇ ಲಕ್ಕವಳ್ಳಿಗೆ ಬರಬಹುದಲ್ಲ, ಬೆಟ್ಟದ ಹೊರಬದಿಯನ್ನು ಬಳಸುವುದೇಕೆ ಎಂದು ತೋರಬಹುದು. ಆ ಕಾಡಿನೊಳಗೆ ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ಯಾರೂ ಪ್ರವೇಶಿಸಲಾಗದು, ಬೈಸಿಕಲ್ಲಿನವನಿಗೂ ರಿಯಾಯಿತಿಯಿಲ್ಲ. ಇದು ನ್ಯಾಯವೆಂದೇ ನಮ್ಮ ಅಭಿಪ್ರಾಯ. ಆ ಕಾಡಿನೊಳಗೆ ತಲೆತಲಾಂತರದಿಂದ ಗದ್ದೆ ಮಾಡಿಕೊಂಡಿದ್ದ ನಾನೂರಕ್ಕೂ ಮಿಕ್ಕ ಕುಟುಂಬಗಳು 2001 ಮತ್ತು 2002ರಲ್ಲಿ ಮನೆ ಬಿಟ್ಟು ಹೊರಬಂದವು. ಅವರಲ್ಲಿ ಹೆಚ್ಚಿನವರು ತರೀಕೆರೆ ತಾಲ್ಲೂಕಿನ ಎಂ. ಸಿ. ಹಳ್ಳಿಯಲ್ಲಿ ನೆಲೆಸಿದ್ದಾರೆ. ಹುಟ್ಟಿದ ಮನೆಯನ್ನು ಹುಲಿಗಾಗಿ ಬಿಟ್ಟುಕೊಟ್ಟವರ ಎದುರಿಗೆ, ವಿನೋದಕ್ಕೆ ಬಂದ ಸವಾರನು ದಾರಿ ಹತ್ತಿರವಾಗುವುದೆಂಬ ಕಾರಣದಿಂದ ಒಳಗೆ ನುಗ್ಗುವುದು ಯಾವ ಮುಖದಿಂದ?

ಅಭಯಾರಣ್ಯದ ಗಡಿಯನ್ನು ಆನೆಗಳು ಲೆಕ್ಕಿಸುವುದಿಲ್ಲ. ಚಿಕ್ಕಮಗಳೂರು ಜಿಲ್ಲೆಯ ತೋಟಗಳಲ್ಲಿ ಇತ್ತೀಚಿನ ವರ್ಷಗಳಲ್ಲಿ ಆನೆಯಿಂದ ಜನ ಸತ್ತದ್ದುಂಟು. ಮೋಟಾರಿನ ಸದ್ದಿಗೆ ಆನೆ ಮೊದಲೇ ಎಚ್ಚರಗೊಳ್ಳುತ್ತದೆ. ಬೈಸಿಕಲ್ಲು ನಿಶ್ಶಬ್ದವಾಗಿ ಅದರ ಎದುರಿಗೇ ಬಂದು ನಿಲ್ಲುತ್ತದೆ, ಆಗ ಬೆದರುವುದು ಇಬ್ಬರ ಸರದಿ. ಸೂರ್ಯ ಮುಳುಗುವುದಕ್ಕೆ ಒಂದು ಗಂಟೆ ಮುಂಚೆಯೇ ಊರು ಸೇರಬೇಕು, ಬೆಳಕು ಚೆನ್ನಾಗಿ ಹರಿಯದೆ ಕಾಡಿನ ಅಂಚಿನ ದಾರಿಗೆ ಇಳಿಯಬಾರದು. ಕುರುಡು ತಿರುವುಗಳಲ್ಲಿ ಗಂಟೆ ಬಾರಿಸಬೇಕು. ತೋಟದ ಆಳುಗಳು ಇಂದು ಆ ದಾರಿ ಬೇಡ ಎಂದರೆ ವಾದ ಮಾಡದೆ ಹಿಂದಿರುಗಬೇಕು. ಅವರು ಬೆಳಗ್ಗೆ ಲದ್ದಿಯನ್ನು ಕಂಡು ಬಂದಿರುತ್ತಾರೆ.

ಜೊತೆಗೆ ಒಯ್ಯಬೇಕಾದ ಸಾಮಾನು ಹೆಚ್ಚಿಲ್ಲ. ಎರಡು ಟ್ಯೂಬು, ಪಂಕ್ಚರಿಗೆ ತೇಪೆ ಮತ್ತು ಅಂಟು, ಗಾಳಿ ಹೊಡೆಯುವ ಸಣ್ಣ ಪಂಪು, ಸ್ಪ್ಯಾನರು, ಒಂದು ಜೊತೆ ಬ್ರೇಕಿನ ರಬ್ಬರು, ಒಂದು ಬ್ರೇಕಿನ ತಂತಿ. ಚಳಿಗೆ ಒಂದು ಕಂಬಳಿ ಅಥವಾ ಉಣ್ಣೆಯ ಅಂಗಿ. ಬೆವರಿದ ಮೈಯಲ್ಲಿ ಗಿರಿಯಿಂದ ಇಳಿಯುವಾಗ ಬೀಸುವ ಗಾಳಿ ಮೂಳೆಗೆ ತಾಗುತ್ತದೆ. ಹೊರೆಯನ್ನು ಬೆನ್ನಿಗೆ ಕಟ್ಟಿಕೊಳ್ಳಬಾರದು. ಹಿಂದಿನ ಕ್ಯಾರಿಯರಿನ ಎರಡು ಬದಿಗೂ ಸಮನಾಗಿ, ಆದಷ್ಟು ಕೆಳಗೆ, ತೂಗಬಿಡಬೇಕು. ಲಕ್ಕವಳ್ಳಿಯಿಂದ ಭದ್ರಾವತಿಗೆ ಇಳಿಜಾರಾದ ದಾರಿ, ಪಕ್ಕದಲ್ಲಿ ಕಾಲುವೆಯ ನೀರು, ಗದ್ದೆ, ಅಡಕೆ ತೋಟ. ಭದ್ರಾವತಿಯ ರೈಲು ನಿಲ್ದಾಣದಲ್ಲಿ ಗಾಡಿಯನ್ನು ಲಗೇಜಿಗೆ ಕೊಡುವ ಮುನ್ನ ಪೆಡಲುಗಳನ್ನು ಕಳಚಿ, ಹ್ಯಾಂಡಲನ್ನು ಅಡ್ಡಕ್ಕೆ ತಿರುಗಿಸಿ, ಚೈನಿಗೆ ಹಳೆಯ ಬಟ್ಟೆಯನ್ನು ಸುತ್ತಿಕೊಟ್ಟರೆ ಊರಿಗೆ ಕ್ಷೇಮವಾಗಿ ಬರುತ್ತದೆ.